ಕಂಬಿ ಕಿತ್ತವನು

ಡ್ರೈವರ್ ಇಲ್ಲದ ಟ್ರೈನಿಗೆ ಕೈ ಬೀಸಿ ಏನು ಪ್ರಯೋಜನ?

ಆದರೂ ಬೀಸಿದೆ. ಎರಡೂ ಕೈ ಎತ್ತಿ ಬೀಸಿದೆ. ಗಂಟಲು ಹರಿದುಹೋಗುವಂತೆ ಕೂಗಿದೆ.

ಸುರಂಗದ ಆ ತುದಿಯಲ್ಲಿ ಎರಡು ಬಿಳಿ ದೀಪಗಳು... ಬೆಳೆಯುತ್ತಲೇ ಇದ್ದವು.

ಮೊದಲು ಗಾಳಿ ಬಂತು. ಯಾರೋ ಎದೆಗೆ ಅಂಗೈ ಕೊಟ್ಟು ತಳ್ಳಿದ ಹಾಗೆ. ಆಮೇಲೆ ಕಾಲಡಿಯ ಹಳಿ ಸಣ್ಣಗೆ ಗುಂಯ್ಗುಟ್ಟಿತು.

ಹಿಂದಕ್ಕೆ ಓಡೋಣವೆಂದರೆ ಪ್ಲಾಟ್‌ಫಾರ್ಮಿನ ತುದಿಯ ಗೇಟಿಗೆ ಬೀಗ. ಬೀಗ ಹಾಕಿದವನು ಬೆಲ್ಟು. ಮೆಟ್ರೋ ಕಂಪನಿಯ ಸೆಕ್ಯುರಿಟಿ ಚೀಫ್. ಸೊಂಟಕ್ಕೆ ಅಂಗೈ ಅಗಲದ ಬೆಲ್ಟ್ ಬಿಗಿಯುತ್ತಾನೆ, ಅದಕ್ಕೇ ಆ ಹೆಸರು. ಜಾಲರಿಯ ಆಚೆ ನಿಂತು ಹಲ್ಲು ಕಿರಿದಿದ್ದ.

"ವಾಕಿಂಗ್ ಆರೋಗ್ಯಕ್ಕೆ ಒಳ್ಳೇದಮ್ಮ... ಮಾಡು!"

ಪ್ಲಾಟ್‌ಫಾರ್ಮಿಗೆ ಹತ್ತೋಣವೆಂದರೆ ಉದ್ದಕ್ಕೂ ಗಾಜಿನ ಬಾಗಿಲುಗಳು. ಟ್ರೈನು ಬಂದು ನಿಂತರೆ ಮಾತ್ರ ತೆರೆಯುವಂಥವು.

ಪಕ್ಕಕ್ಕೆ ಸರಿಯೋಣವೆಂದರೆ ಪಕ್ಕವೇ ಇಲ್ಲ! ಜನ ನಡೆಯಲೆಂದು ಗೋಡೆಯುದ್ದಕ್ಕೂ ಕಟ್ಟಬೇಕಿದ್ದ ಜಗಲಿಯನ್ನು ಇನ್ನೂ ಕಟ್ಟಿರಲಿಲ್ಲ. ಅದನ್ನು ಹೊರಬೇಕಾದ ಕಬ್ಬಿಣದ ಬ್ರಾಕೆಟ್‌ಗಳು ಮಾತ್ರ ಗೋಡೆಯಿಂದ ಚಾಚಿಕೊಂಡಿದ್ದವು.

ಓಡಿದೆ. ಟ್ರೈನಿನ ಕಡೆಗೇ ಓಡಿದೆ! ಅಲ್ಲಿ, ಸ್ವಲ್ಪ ಮುಂದೆ, ಬಲಗಡೆಯ ಗೋಡೆಯಲ್ಲಿ ಬಾಗಿಲಿನಷ್ಟು ನೆರಳು ಕಂಡಿತ್ತು. ಗೂಡೋ, ಬಿರುಕೋ, ನನ್ನ ಭ್ರಮೆಯೋ... ಯೋಚಿಸಲು ಪುರುಸೊತ್ತು ಎಲ್ಲಿತ್ತು?

ಗೂಡೇ. ಮೊಳದಷ್ಟು ಆಳ. ಒಳಗೆ ನುಗ್ಗಿ ಬೆನ್ನು ಒತ್ತಿದೆ. ಮುಖ ಪಕ್ಕಕ್ಕೆ ತಿರುಗಿಸಿದೆ. ಹೊಟ್ಟೆ ಒಳಗೆಳೆದುಕೊಂಡೆ.

ಟ್ರೈನು ನನ್ನ ಮೂಗಿನ ಮುಂದೆ ಹರಿಯಿತು.

ಹೆಗಲಿನ ಬ್ಯಾಗನ್ನು ಯಾವುದೋ ಕೊಕ್ಕೆ ಕಿತ್ತುಕೊಂಡು ಹೋಯಿತು. ಹೆಗಲೂ ಜೊತೆಗೇ ಹೋಯಿತೆಂದುಕೊಂಡೆ. ಒಳಗೆಲ್ಲ ಝಗಝಗ ದೀಪ. ಸಾಲುಸಾಲು ಸೀಟು. ಒಂದು ನರಪಿಳ್ಳೆಯೂ ಇಲ್ಲ!

ಹೋಯಿತು.

ನಾನು ಗೂಡಿನಲ್ಲೇ ನಿಂತಿದ್ದೆ. ಬೆನ್ನಿಗೆ ತಣ್ಣನೆಯ ಕಾಂಕ್ರೀಟು. ಉಳಿದ ಗೋಡೆಯೆಲ್ಲ ಮಂಕು ಬೂದಿ. ಇದು ಮಾತ್ರ ಬೆಳ್ಳಗೆ, ಹೊಸದಾಗಿ ಇತ್ತು.

ಅಲ್ಲಿಗೇಕೆ ಹೋಗಿದ್ದೆ ಎಂದು ಕೇಳುತ್ತೀರಿ. ಹೇಳುತ್ತೇನೆ.

*

ನನ್ನದು ಪತ್ತೆ ಕೆಲಸ. ಕಳೆದುಹೋದ ಗಂಡಂದಿರು, ಸುಳ್ಳು ಹೇಳುವ ಪಾಲುದಾರರು, ಮನೆ ಬಿಟ್ಟ ಹುಡುಗಿಯರು. ಆಫೀಸು ಕೀಲಿ ಮಾಡುವವನ ಅಂಗಡಿಯ ಮೇಲೆ, ಮಹಡಿಯಲ್ಲಿದೆ. ಇಡೀ ದಿನ ಕೆಳಗಿನಿಂದ ಕರಕರ ಅರದ ಸದ್ದು. ಹಿಡಿದರೆ ಬಿಡುವವಳಲ್ಲ ಎಂದು ಜನ ನನ್ನನ್ನು ಜಿಗಣೆ ಎನ್ನುತ್ತಾರೆ. ಎದುರಿಗೆ ಬಂದಾಗ ಜಿಗಣೆ ಮೇಡಂ!

ಅವತ್ತು ಬಂದವಳು ಟೈಲರಕ್ಕ. ಎರಡು ಬೀದಿ ಆಚೆ ಬಟ್ಟೆ ಆಲ್ಟರೇಶನ್ ಅಂಗಡಿ ಇಟ್ಟುಕೊಂಡಿದ್ದಾಳೆ. ಕೊರಳಲ್ಲಿ ಅಳತೆ ಟೇಪು ಹಾಗೇ ನೇತಾಡುತ್ತಿತ್ತು. ತೆಗೆದಿಡುವುದನ್ನೂ ಮರೆತು ಬಂದಿದ್ದಳು.

"ಮೇಡಂ, ನನ್ನ ತಮ್ಮ ಕಾಣ್ತಿಲ್ಲ."

"ಎಲ್ಲಿ ಕೆಲಸ?"

"ಮೆಟ್ರೋ ಸುರಂಗದಲ್ಲಿ. ಕೇಬಲ್ ಎಳೆಯೋದು. ತುಂಬ ಎತ್ತರ ಇದ್ದಾನೆ. ಅಲ್ಲಿ ಎಲ್ಲರೂ ಏಣಿ, ಏಣಿ ಅಂತಲೇ ಕರೀತಾರೆ."

"ಕಂಪನಿ ಏನನ್ನುತ್ತೆ?"

ಟೇಪಿನ ತುದಿಯನ್ನು ಬೆರಳಿಗೆ ಸುತ್ತಿದಳು. ಬಿಚ್ಚಿದಳು.

"ತಾಮ್ರದ ಕೇಬಲ್ ಕದ್ಕೊಂಡು ಓಡಿಹೋದ ಅಂತಾರೆ. ಅವನ ಕಾರ್ಡು ಗೇಟಿಂದ ಹೊರಗೆ ಹೋಗಿದೆಯಂತೆ. ಪೊಲೀಸ್ ಸ್ಟೇಷನ್ನಿಗೆ ಹೋದೆ. ರೈಲು ಕೆಲಸದವನು ಕಂಬಿ ಕಿತ್ನಾ ಅಂತ ಒಬ್ಬರು ತಮಾಷೆ ಮಾಡಿದ್ರು. ಎಲ್ಲರೂ ನಕ್ಕರು."

"ನೀವೇನಂತೀರಿ?"

"ಅವನು ನನಗೆ ಹೇಳದೆ ಸಿನಿಮಾಗೂ ಹೋಗೋನಲ್ಲ ಮೇಡಂ. ನಾನೇ ಸಾಕಿದ್ದು ಅವನನ್ನ. ಅಮ್ಮ ಹೋದಾಗ ನನ್ನ ಸೊಂಟದ ಮೇಲಿದ್ದ. ಆಮೇಲೆ ಈ ಪಾಟಿ ಬೆಳೆದ." ನಗಲು ಹೋದಳು. ಆಗಲಿಲ್ಲ. "ಬದುಕಿದ್ದಾನೋ ಇಲ್ವೋ ಅಷ್ಟು ಹೇಳಿ ಸಾಕು. ಕಳ್ಳ ಅನ್ನೋ ಮಾತು ಮಾತ್ರ ನನ್ನ ಕೈಲಿ ತಡ್ಕೊಳ್ಳೋಕೆ ಆಗ್ತಿಲ್ಲ."

ಒಪ್ಪಿಕೊಂಡೆ. ಕಳ್ಳರು ನನಗೆ ಗೊತ್ತು. ಕಳ್ಳರ ಅಕ್ಕಂದಿರೂ ಗೊತ್ತು. ಈಕೆ ಆ ಪೈಕಿ ಅಲ್ಲ.

ಮೊದಲು ಕೂಲಿಗಳ ಶೆಡ್ಡಿಗೆ ಹೋದೆ. ಶೆಡ್ಡು ಖಾಲಿ! ಏಣಿಯ ಜೊತೆ ಕೆಲಸ ಮಾಡುತ್ತಿದ್ದ ಇಡೀ ಗ್ಯಾಂಗನ್ನು ಬಸ್ಸು ಹತ್ತಿಸಿ ಬೇರೆ ಯಾವುದೋ ಊರಿನ ಕೆಲಸಕ್ಕೆ ಸಾಗಿಸಿಬಿಟ್ಟಿದ್ದರು. ಒಣಹಾಕಿದ್ದ ಟವೆಲ್ಲುಗಳು ಕೂಡ ತಂತಿಯ ಮೇಲೇ ಉಳಿದಿದ್ದವು. ಅಷ್ಟು ಅವಸರ.

ಬಾಗಿಲ ಪಕ್ಕದಲ್ಲಿ ಕಟ್ಟಿಗೆಯ ಸ್ಟ್ಯಾಂಡು. ಕೆಲಸಕ್ಕೆ ಇಳಿಯುವಾಗ ಚಪ್ಪಲಿ ಬಿಟ್ಟು ಗಂಬೂಟು ಹಾಕಿಕೊಳ್ಳುವ ಜಾಗ. ಅದರಲ್ಲಿ ಒಂದೇ ಒಂದು ಜೊತೆ ಚಪ್ಪಲಿ ಇತ್ತು. ದೋಣಿಯಂಥ ಚಪ್ಪಲಿ! ಎಡಗಾಲಿನದರ ಪಟ್ಟಿ ಕಿತ್ತಿದ್ದನ್ನು ಯಾರೋ ದಪ್ಪ ನೂಲಿನಲ್ಲಿ ಹೊಲಿದಿದ್ದರು. ಸಾಲು ನೆಟ್ಟಗಿದ್ದ ಹೊಲಿಗೆ. ಟೈಲರ್ ಕೈ.

ಓಡಿಹೋಗುವವನು ಚಪ್ಪಲಿ ಬಿಟ್ಟು ಗಂಬೂಟಿನಲ್ಲಿ ಓಡುತ್ತಾನೆಯೇ? ಕಾರ್ಡು ಹೊರಗೆ ಹೋಗಿರಬಹುದು. ಕಾರ್ಡಿಗೆ ಕಾಲಿಲ್ಲ. ಯಾರ ಜೇಬಿನಲ್ಲಿದ್ದರೂ ಹೊರಗೆ ಹೋಗುತ್ತದೆ.

*

ಮೆಟ್ರೋ ಕಂಪನಿಯ ಮ್ಯಾನೇಜರ್ ತುಂಬ ಮೃದು ಮನುಷ್ಯ. ಕುರ್ಚಿ ಎಳೆದುಕೊಟ್ಟ. ನೀರು ತರಿಸಿದ. ಮೇಜಿನ ಮೇಲೆ ಗಾಜಿನ ಪೆಟ್ಟಿಗೆಯೊಳಗೆ ಪುಟ್ಟ ಟ್ರೈನಿನ ಮಾಡೆಲ್ಲು.

"ಪಾಪ, ಆ ಹೆಣ್ಣುಮಗಳ ಸಂಕಟ ಅರ್ಥ ಆಗುತ್ತೆ ಮೇಡಂ. ಆದ್ರೆ ಏನ್ಮಾಡೋದು... ಕೆಲವರ ಬುದ್ಧಿ ಹಾಗೆ."

"ಅಪಘಾತ ಏನಾದ್ರೂ ಆಯ್ತಾ ಅಂತ ಕೇಳೋಕೆ ಬಂದೆ."

"ಅಪಘಾತ? ಇಲ್ಲಿ?" ನಕ್ಕ. "ನಮ್ಮ ಟ್ರೈನಿಗೆ ಡ್ರೈವರೇ ಇಲ್ಲ ಮೇಡಂ. ನಿದ್ದೆ ಹೋಗೋಕೆ, ಕುಡಿಯೋಕೆ, ಫೋನ್ ನೋಡೋಕೆ ಯಾರೂ ಇಲ್ಲ. ತಪ್ಪು ಮಾಡೋನು ಮನುಷ್ಯ. ಮನುಷ್ಯನನ್ನೇ ತೆಗೆದಿದ್ದೀವಿ!"

"ಎದುರಿಗೆ ಯಾರಾದ್ರೂ ಬಂದ್ರೆ?"

"ಟ್ರೈನಿನ ಮುಂದೆ ಕಬ್ಬಿಣದ ಬಾರ್ ಇದೆ. ಬೆಕ್ಕು ತಾಗಿದ್ರೂ ತಕ್ಷಣ ಬ್ರೇಕ್. ಬನ್ನಿ, ಕಂಟ್ರೋಲ್ ರೂಮೇ ತೋರಿಸ್ತೀನಿ."

ತೋರಿಸಿದ. ಗೋಡೆ ತುಂಬ ಸ್ಕ್ರೀನು. ಹಸಿರು ಗೆರೆಗಳ ಮೇಲೆ ಚುಕ್ಕಿಗಳು ತಮ್ಮಷ್ಟಕ್ಕೆ ಸರಿಯುತ್ತಿದ್ದವು. ಮುಂದಿನ ಮೇಜಿನಲ್ಲಿ ದಪ್ಪ ಕನ್ನಡಕದ ಒಬ್ಬ ಆಪರೇಟರ್ ಕುಳಿತಿದ್ದ.

ಬೇಕೆಂದೇ ಜೋರಾಗಿ ಕೇಳಿದೆ: "ಕೇಬಲ್ ಎಳೀತಿದ್ದ ಏಣಿ ಅಂತ ಒಬ್ಬ... ಗೊತ್ತಾ ನಿಮಗೆ?"

ಕನ್ನಡಕದವನ ಕೈಯಲ್ಲಿದ್ದ ನೀರಿನ ಬಾಟಲಿ ಕೀಬೋರ್ಡಿನ ಮೇಲೆ ಮಗುಚಿತು!

"ಇವರಿಗೆ ಎರಡು ದಿನದಿಂದ ಹುಷಾರಿಲ್ಲ," ಎಂದ ಮ್ಯಾನೇಜರ್. ಮೃದುವಾಗಿಯೇ ಎಂದ. "ಮನೆಗೆ ಹೋಗಿ ರೆಸ್ಟ್ ತಗೊಳ್ಳಿ."

ಬಾಗಿಲ ಬಳಿ ನಿಂತಿದ್ದ ಬೆಲ್ಟು ನನ್ನನ್ನು ತಲೆಯಿಂದ ಕಾಲಿನವರೆಗೆ ನೋಡಿದ. ಅಂಗಡಿಯಲ್ಲಿ ಸಾಮಾನು ನೋಡುವ ಹಾಗೆ.

ಅವತ್ತು ಸಂಜೆ ಕನ್ನಡಕದವನ ಬೆನ್ನು ಹತ್ತಿ ಮನೆ ನೋಡಿಟ್ಟುಕೊಂಡೆ. ಆದರೆ ಅವನನ್ನು ಕೇಳುವ ಮುಂಚೆ ಸುರಂಗವನ್ನು ನನ್ನ ಕಣ್ಣಾರೆ ನೋಡಬೇಕಿತ್ತು. ಏನೂ ಗೊತ್ತಿಲ್ಲದೆ ಕೇಳಿದರೆ ಜನ ಸುಳ್ಳು ಹೇಳುತ್ತಾರೆ. ಅರ್ಧ ಗೊತ್ತಿದ್ದು ಕೇಳಿದರೆ ಉಳಿದರ್ಧ ತಾನಾಗಿ ಬರುತ್ತದೆ.

ಟೈಲರಕ್ಕ ತಮ್ಮನ ಹಳೆಯ ಕಿತ್ತಳೆ ಜಾಕೆಟ್ಟು ತಂದಳು. ನನಗೆ ಮೊಣಕಾಲು ಮುಟ್ಟಿತು! ಅಲ್ಲೇ ನಿಲ್ಲಿಸಿ ಅಳತೆ ತೆಗೆದಳು. ಪಿನ್ನುಗಳನ್ನು ತುಟಿಯಲ್ಲಿ ಕಚ್ಚಿಕೊಂಡು ಕತ್ತರಿ ಹಿಡಿದಳು. ಹಿಡಿದು ಹಾಗೇ ನಿಂತಳು.

"ಕತ್ತರಿಸಬೇಡಿ," ಎಂದೆ. "ಒಳಗೆ ಮಡಿಸಿ ಹೊಲೀರಿ. ಆಮೇಲೆ ಬಿಚ್ಚಿಕೊಳ್ಳಬಹುದು."

ತಲೆಯಾಡಿಸಿದಳು. ಮಡಿಸಿ ಹೊಲಿದಳು.

ಬೆಳಗ್ಗೆ ಪ್ಲಾಟ್‌ಫಾರ್ಮ್ ತೊಳೆಯುವ ಹೆಂಗಸರ ಗುಂಪಿನ ಜೊತೆ ಬಕೆಟ್ ಹಿಡಿದು ಒಳಗೆ ಹೋದೆ. ಅವರು ತೊಳೆಯುತ್ತ ಮುಂದೆ ಸರಿದರು. ನಾನು ತುದಿಯ ಗೇಟು ದಾಟಿ ಹಳಿಗೆ ಇಳಿದೆ.

ಹಿಂದೆ ಕಟಕ್ಕೆಂದಿತು... ಬೀಗ!

ಮುಂದಿನದು ಕೇಳಿದ್ದೀರಿ.

*

ಟ್ರೈನು ಹೋದ ಮೇಲೆ ಟಾರ್ಚು ಬಂತು. ಏನು ಉಳಿದಿದೆಯೋ ನೋಡಲು ಬೆಲ್ಟು ಗೇಟು ತೆರೆದು ಬರುತ್ತಿದ್ದ. ಶಿಳ್ಳೆ ಹೊಡೆಯುತ್ತಿದ್ದ ಹಲ್ಕಾ!

ಉಸಿರು ಹಿಡಿದೆ. ಬೆಳಕು ಹಳಿಯ ಮೇಲೆ ತೆವಳಿತು. ನನ್ನ ಬ್ಯಾಗಿನ ಪಟ್ಟಿಯ ಮೇಲೆ ನಿಂತಿತು.

ವಾಕಿಟಾಕಿ ಕರಕರ ಎಂದಿತು.

"ಬ್ಯಾಗಿದೆ ಸಾರ್," ಎಂದ. "ಆಳು ಕಾಣ್ತಿಲ್ಲ."

ಕಾಲಿನ ಬಳಿ ಒಂದು ನಟ್ಟು ಬಿದ್ದಿತ್ತು. ಎತ್ತಿ ಅವನ ಆಚೆಗೆ ಎಸೆದೆ. ಠಣ್! ತಿರುಗಿದ. ಅಷ್ಟು ಸಾಕಿತ್ತು. ಗೂಡಿನಿಂದ ಹಾರಿ ಎರಡೂ ಕೈಯಿಂದ ತಳ್ಳಿದೆ. ಅವನು ಪಕ್ಕದ ಗೋಡೆಗೆ ಅಪ್ಪಳಿಸಿ ಕೆಳಗೆ ಜಾರಿದ... ಜಾರುತ್ತಿದ್ದವನು ಅರ್ಧಕ್ಕೇ ನಿಂತ. ಅವನ ಹೆಮ್ಮೆಯ ಬೆಲ್ಟು ಕಬ್ಬಿಣದ ಬ್ರಾಕೆಟ್ಟಿಗೆ ಸಿಕ್ಕಿಹಾಕಿಕೊಂಡಿತ್ತು! ಮೊಳೆಗೆ ನೇತುಹಾಕಿದ ಕೋಟಿನ ಹಾಗೆ ತೂಗಾಡಿದ.

"ಏಯ್! ನಿನ್ನ... ಬಿಡಲ್ಲ ಕಣೇ ನಿನ್ನ!"

"ಮೊದಲು ಅದು ನಿನ್ನ ಬಿಡಲಿ!"

ಕಾಲಿಗೆ ಬುದ್ಧಿ ಹೇಳಿದೆ. ಗೇಟಿನ ಕಡೆಯಿಂದ ಬೇರೆ ಬೂಟುಗಳ ಸದ್ದು. ಹಾಗಾಗಿ ಮತ್ತೆ ಸುರಂಗದೊಳಕ್ಕೇ ಓಡಿದೆ. ಹಸಿರು ದೀಪದ ಬಾಣ ಕಂಡಿತು. ಎಮರ್ಜೆನ್ಸಿ ಮೆಟ್ಟಿಲು. ಹತ್ತಿದೆ. ಹತ್ತಿದಷ್ಟೂ ಇದ್ದವು ಹಾಳಾದ ಮೆಟ್ಟಿಲುಗಳು! ಕೆಳಗಿನಿಂದ ಬೂಟುಗಳೂ ಹತ್ತುತ್ತಿದ್ದವು. ಮೇಲೆ ಕಬ್ಬಿಣದ ಮುಚ್ಚಳ. ತಲೆ ಕೊಟ್ಟು ಎತ್ತಿದೆ.

ಬಿಸಿಲು!

ಪಾರ್ಕಿನ ನಟ್ಟನಡುವೆ ಎದ್ದಿದ್ದೆ. ಸುತ್ತಲೂ ಹುಲ್ಲು. ಟ್ರ್ಯಾಕ್‌ಸೂಟಿನ ಮುದುಕಪ್ಪಂದಿರು ಕೈಕಾಲು ಆಡಿಸುತ್ತಿದ್ದರು. ಒಬ್ಬರು ವ್ಯಾಯಾಮ ನಿಲ್ಲಿಸಿ ನನ್ನನ್ನೇ ನೋಡಿದರು.

"ಟ್ರೈನು ಯಾವಾಗ ಶುರು ಆಗುತ್ತಮ್ಮಾ?" ಎಂದು ಕೇಳಿದರು.

"ಶುರು ಆಗಿದೆ ತಾತ!" ಎಂದು ಓಡಿದೆ.

ಜನರ ನಡುವೆ ನನ್ನ ಮೈಮುಟ್ಟಲು ಆ ಬೂಟುಗಳಿಗೆ ಧೈರ್ಯ ಬರಲಿಲ್ಲ. ಮುಚ್ಚಳ ಮೆಲ್ಲಗೆ ಮುಚ್ಚಿಕೊಂಡಿತು.

*

ನೇರ ಕನ್ನಡಕದವನ ಮನೆಗೆ ಹೋದೆ. ಮೂರನೇ ಮಹಡಿಯ ಫ್ಲ್ಯಾಟು. ಬಾಗಿಲು ತೆರೆದವಳು ತುಂಬು ಬಸುರಿ, ಅವನ ಹೆಂಡತಿ. ಮಸಿ ಮೆತ್ತಿದ ನನ್ನ ಮುಖ ನೋಡಿ ಬೆದರಿದಳು.

"ಆಫೀಸಿಂದ ಬಂದೆ ತಂಗಿ," ಎಂದೆ. "ಹೆದರಬೇಡಿ."

ಅವನು ಹೆದರಿದ. ನನ್ನ ಜಾಕೆಟ್ಟು ನೋಡಿಯೇ ಹೆದರಿದ. ನನ್ನನ್ನು ಬಚ್ಚಲಿಗೆ ಕರೆದುಕೊಂಡು ಹೋದ. ಹೆಂಡತಿಗೆ ಕೇಳಿಸದಿರಲೆಂದು ನಲ್ಲಿ ತಿರುಗಿಸಿದ. ಬಕೆಟ್ಟಿಗೆ ನೀರು ಧೋ ಎಂದು ಬೀಳುತ್ತಿತ್ತು.

"ಆ ಸುರಂಗದಿಂದಲೇ ಬರ್ತಿದ್ದೀನಿ," ಎಂದೆ. "ಟ್ರೈನು ನನ್ನ ಮೇಲೂ ಬಂತು. ನಾನು ಬದುಕಿದೆ. ಏಣಿ ಬದುಕಲಿಲ್ಲ. ಅಲ್ವಾ?"

ಬಕೆಟ್ಟಿನ ಅಂಚು ಹಿಡಿದು ಕೆಳಗೇ ಕುಳಿತ.

"ಲಾಕ್ ಹಾಕಿದ್ದೆ ಮೇಡಂ. ನನ್ನ ಕೈಯಾರೆ ಹಾಕಿದ್ದೆ."

"ಯಾವ ಲಾಕ್?"

"ಸುರಂಗದ ಯಾವ ಭಾಗದಲ್ಲಿ ಜನ ಇರ್ತಾರೋ, ಆ ಭಾಗಕ್ಕೆ ಸ್ಕ್ರೀನ್ ಮೇಲೆ ಲಾಕ್ ಹಾಕ್ತೀವಿ. ಹಾಕಿದ್ರೆ ಟ್ರೈನು ಅಲ್ಲಿಗೆ ನುಗ್ಗೋಕೆ ಸಾಧ್ಯನೇ ಇಲ್ಲ. ಅದರ ಹಿಂದೇನೇ ನಿಲ್ಲುತ್ತೆ. ಅವತ್ತೂ ನಿಂತಿತ್ತು."

"ಮತ್ತೆ?"

"ಅವತ್ತು ಟ್ರಯಲ್ ರೈಡ್. ಒಳಗೆ ಗೆಸ್ಟುಗಳು. ಮ್ಯಾನೇಜರ್ ಟ್ರೈನಿನೊಳಗಿಂದ ಫೋನ್ ಮಾಡಿದ್ರು. ಯಾಕ್ರೀ ನಿಂತಿದೆ, ಮಾನ ಕಳೀತೀರಾ ಅಂತ. ಒಳಗೆ ಜನ ಇದ್ದಾರೆ ಸಾರ್ ಅಂದೆ. ಎಲ್ಲರೂ ಹೊರಗೆ ಬಂದಾಯ್ತು, ಲಾಕ್ ತೆಗೀರಿ ಅಂದ್ರು. ಬಂದಿದ್ರು ಮೇಡಂ... ಏಣಿ ಒಬ್ಬನನ್ನ ಬಿಟ್ಟು."

ನೀರು ಬಕೆಟ್ ತುಂಬಿ ಹೊರಚೆಲ್ಲಿತು. ಅವನು ಗಮನಿಸಲಿಲ್ಲ.

"ಬೆಕ್ಕು ತಾಗಿದ್ರೂ ನಿಲ್ಲೋ ಬಾರ್ ಏನಾಯ್ತು?"

"ಅದನ್ನ ಮುಂಚೆನೇ ಆಫ್ ಮಾಡಿಸಿದ್ರು. ಬಿದ್ದ ವೈರ್ ತುಂಡು ತಾಗಿದ್ರೂ ಟ್ರೈನು ನಿಂತುಬಿಡೋದು. ಗೆಸ್ಟುಗಳ ಮುಂದೆ ಚೆನ್ನಾಗಿರಲ್ಲ ಅಂತ."

"ಟ್ರೈನಿನೊಳಗೆ ಯಾರಿಗೂ ಗೊತ್ತಾಗಲಿಲ್ವಾ?"

"ಸ್ವಲ್ಪ ಕುಲುಕಿತು. ಒಬ್ಬರು ಏನದು ಅಂತ ಕೇಳಿದ್ರು. ಹೊಸ ಹಳಿ, ಇನ್ನೂ ಪಳಗಿಲ್ಲ ಅಂದ್ರು ಮ್ಯಾನೇಜರ್. ಎಲ್ಲರೂ ನಕ್ಕರು." ಕನ್ನಡಕ ತೆಗೆದು ಅಂಗಿಯಿಂದ ಒರೆಸಿದ. ಮತ್ತೆ ಮತ್ತೆ ಒರೆಸಿದ. "ಕ್ಯಾಮೆರಾದಲ್ಲಿ ಎಲ್ಲ ನೋಡ್ತಾ, ಫೋನಲ್ಲಿ ಕೇಳ್ತಾ ಕೂತಿದ್ದೆ. ಆ ರೆಕಾರ್ಡಿಂಗು ಅವತ್ತೇ ಅಳಿಸಿದ್ರು."

"ದೇಹ?"

ಕನ್ನಡಕ ಹಾಕಿಕೊಂಡ. ಮತ್ತೆ ತೆಗೆದ.

"ದೇಹ ಎಲ್ಲಿ ಅಂತ ಕೇಳಿದೆ!"

"ಸುರಂಗ ತೋಡುವಾಗ ಮಣ್ಣು ಸಾಗಿಸೋಕೆ ಒಂದು ಅಡ್ಡದಾರಿ ಮಾಡಿದ್ರು. ಈಗ ಅದು ಬೇಡ. ಅವತ್ತು ಅದನ್ನ ಮುಚ್ತಾ ಇದ್ರು. ಬೆಲ್ಟು ಇಬ್ಬರನ್ನ ಕರ್ಕೊಂಡು ಒಳಗೆ ಹೋದ. ಆಮೇಲೆ ಪಂಪು ಶುರುವಾಯ್ತು. ಸಂಜೆ ತನಕ ಕಾಂಕ್ರೀಟು ಸುರಿದ್ರು."

ನನ್ನ ಬೆನ್ನು ತಣ್ಣಗಾಯಿತು.

ಆ ಗೂಡು! ಮುಚ್ಚಿದ ಅಡ್ಡದಾರಿಯ ಬಾಯಿ ಅದು. ಹೊಸ ಕಾಂಕ್ರೀಟು ಗೋಡೆಗಿಂತ ಮೊಳದಷ್ಟು ಒಳಗೆ ನಿಂತಿತ್ತು. ನನ್ನನ್ನು ಉಳಿಸಿದ್ದು ಆ ಒಂದು ಮೊಳ. ನಾನು ಬೆನ್ನು ಒತ್ತಿ ನಿಂತಿದ್ದು ಏಣಿಗೆ.

ನಾನೇ ನಲ್ಲಿ ನಿಲ್ಲಿಸಿದೆ.

"ನಾಳೆ ಬೆಳಗ್ಗೆ ಸರ್ಕಾರದ ಸೇಫ್ಟಿ ಇನ್‌ಸ್ಪೆಕ್ಟರ್ ಬರ್ತಾರೆ, ಪೇಪರಲ್ಲಿ ಓದಿದೆ," ಎಂದೆ. "ಅವರು ಒಪ್ಪಿದ್ರೆ ಲೈನು ಓಪನ್. ಒಪ್ಪೋ ಮುಂಚೆ ನೀವು ಇದನ್ನ ಅವರೆದುರಿಗೆ ಹೇಳಬೇಕು."

"ನನ್ನ ಕೆಲಸ ಹೋಗುತ್ತೆ."

"ಹೋಗುತ್ತೆ."

"ಜೈಲಿಗೂ ಹಾಕ್ತಾರೆ."

"ಇರಬಹುದು."

ಅವನು ಅತ್ತ. ಬೆಳೆದ ಗಂಡಸರು ಬಚ್ಚಲಲ್ಲಿ ಕುಳಿತು ಅಳುವುದನ್ನು ನೋಡುವುದು ಕಷ್ಟ. ಆಮೇಲೆ ಹೇಳಿದ:

"ನಿದ್ದೆ ಬರ್ತಿಲ್ಲ ಮೇಡಂ. ಕಣ್ಣು ಮುಚ್ಚಿದ್ರೆ ಆ ಲಾಕ್ ತೆಗೆದ ಬೆರಳೇ ಕಾಣುತ್ತೆ. ಹೇಳ್ತೀನಿ."

"ಈಗಲೇ ಇಬ್ಬರೂ ನನ್ನ ಜೊತೆ ಬನ್ನಿ. ಇಲ್ಲಿರೋದು ಬೇಡ."

"ಅವಳಿಗೆ ಮೆಟ್ಟಿಲು ಇಳಿಯಬಾರದು ಅಂದಿದ್ದಾರೆ ಡಾಕ್ಟರು. ನಾಳೆ ನಾನೊಬ್ಬನೇ ಬರ್ತೀನಿ. ಖಂಡಿತ ಬರ್ತೀನಿ."

ಅವನ ಮಾತನ್ನು ಎಲ್ಲಾದರೂ ಹಿಡಿದಿಡಬೇಕಿತ್ತು. ಆದರೆ ನನ್ನ ಫೋನು ಬ್ಯಾಗಿನಲ್ಲಿತ್ತು. ಬ್ಯಾಗು ಸುರಂಗದಲ್ಲಿತ್ತು.

ಆಫೀಸಿಗೆ ಬಂದರೆ ಮೇಜಿನ ಮೇಲಿನ ಫೋನು ಹೊಡೆದುಕೊಳ್ಳುತ್ತಿತ್ತು.

"ಮೇಡಂ," ಮ್ಯಾನೇಜರನ ಮೃದು ದನಿ. "ನಿಮ್ಮ ಬ್ಯಾಗ್ ಸಿಕ್ಕಿದೆ. ಯಾವಾಗ ಬರ್ತೀರಿ ತಗೊಳ್ಳೋಕೆ?"

"ನಾಳೆ ಬೆಳಗ್ಗೆ."

"ಬನ್ನಿ ಬನ್ನಿ. ಕಾಯ್ತಿರ್ತೀವಿ."

*

ಟೈಲರಕ್ಕನಿಗೆ ಹೇಳುವುದು ಉಳಿದಿತ್ತು. ಅಂಗಡಿಯಲ್ಲಿ ಯಾರದೋ ಪ್ಯಾಂಟಿನ ಕಾಲು ಮಡಿಸಿ ಹೊಲಿಯುತ್ತಿದ್ದಳು. ನಿಂತುಕೊಂಡೇ ಹೇಳಿದೆ. ಸುತ್ತಿ ಬಳಸಿ ಹೇಳಲು ನನಗೆ ಬರುವುದಿಲ್ಲ.

ಅಳಲಿಲ್ಲ. ಮೆಷಿನ್ನು ನಿಂತಿತು. ಮತ್ತೆ ನಡೆಯಿತು. ಆ ಕಾಲನ್ನು ಪೂರ್ತಿ ಹೊಲಿದು, ನೂಲು ಕಡಿದು, ಮಡಿಸಿಟ್ಟಳು.

"ಆ ಗೋಡೆ ಒಡೆಸ್ತೀರಾ ಮೇಡಂ?"

"ಒಡೆಸ್ತೀನಿ."

"ಹಾಗಾದ್ರೆ ಒಂದು ಶರ್ಟು ಇಸ್ತ್ರಿ ಮಾಡಿಟ್ಕೊಳ್ತೀನಿ. ಅವನ ಅಳತೆದು ಬೇರೆ ಕಡೆ ಸಿಗಲ್ಲ."

ಬೆಳಗ್ಗೆ ನಾವಿಬ್ಬರೂ ಕನ್ನಡಕದವನ ಮನೆಗೆ ಹೋದೆವು. ಬೀಗ!

ಎದುರು ಮನೆಯ ಹೆಂಗಸು ಹೇಳಿದಳು: "ಬೆಳಗ್ಗೇನೇ ಆಫೀಸ್ ಕಾರು ಬಂದಿತ್ತು. ಅವರ ಹೆಂಡತೀನ ಎಷ್ಟು ಜೋಪಾನವಾಗಿ ಇಳಿಸ್ಕೊಂಡು ಹೋದ್ರು ಅಂತೀರಿ... ಕುರ್ಚಿ ಮೇಲೆ ಕೂರಿಸಿ, ಇಬ್ಬರು ಹೊತ್ಕೊಂಡು! ಒಬ್ಬನಂತೂ ಇಷ್ಟಗಲ ಬೆಲ್ಟ್ ಹಾಕಿದ್ದ."

ಆಟೋ ಹಿಡಿದೆವು.

ಮೆಟ್ರೋ ಸ್ಟೇಷನ್ನಿನ ಮುಂದೆ ಮ್ಯಾನೇಜರನ ಕಾರು ನಿಂತಿತ್ತು. ಹಿಂದಿನ ಸೀಟಿನಲ್ಲಿ ಆ ಬಸುರಿ. ಪಕ್ಕದಲ್ಲಿ ಬೆಲ್ಟು. ಅವಳ ಕೈಯಲ್ಲಿ ಎಳನೀರು. ಏನೂ ಅರಿಯದೆ ನನ್ನನ್ನು ನೋಡಿ ನಕ್ಕಳು. ಬೆಲ್ಟೂ ನಕ್ಕ. ಅವನ ಹಣೆಯ ಮೇಲೆ ಪ್ಲಾಸ್ಟರು.

ಕೆಳಗೆ ಪ್ಲಾಟ್‌ಫಾರ್ಮಿನಲ್ಲಿ ಇನ್‌ಸ್ಪೆಕ್ಟರ್. ನರೆತ ತಲೆ, ದಣಿದ ಕಣ್ಣು. ಕೆಟ್ಟ ಮನುಷ್ಯನಲ್ಲ. ಕಾವಲುಗಾರರು ನನ್ನ ತೋಳು ಹಿಡಿದರು. ಹಿಡಿದಿದ್ದರೂ ಕೂಗಿದೆ. ಎಲ್ಲವನ್ನೂ ಹೇಳಿದೆ. ಲಾಕು, ಬಾರು, ಅಡ್ಡದಾರಿ, ಏಣಿ.

"ಬಿಡ್ರೀ ಅವರನ್ನ," ಎಂದರು ಇನ್‌ಸ್ಪೆಕ್ಟರ್. ಪೂರ್ತಿ ಕೇಳಿದರು. ಕನ್ನಡಕದವನ ಕಡೆ ತಿರುಗಿದರು. "ಏನಪ್ಪಾ? ಇದು ನಿಜವಾ?"

ಅವನು ಮ್ಯಾನೇಜರನ ಪಕ್ಕದಲ್ಲಿ ನಿಂತಿದ್ದ. ಹೊಸ ಯೂನಿಫಾರ್ಮು. ನನ್ನನ್ನು ನೋಡಲಿಲ್ಲ. ಮೇಲಕ್ಕೆ, ಮೆಟ್ಟಿಲಿನ ಕಡೆಗೆ ನೋಡಿದ. ಕಾರು ನಿಂತಿದ್ದ ಕಡೆಗೆ.

"ಸುಳ್ಳು ಸಾರ್," ಎಂದ. "ನಿನ್ನೆ ಇವರು ನನ್ನ ಮನೆಗೆ ನುಗ್ಗಿ ಹೆದರಿಸಿದ್ರು. ಹೀಗೇ ಹೇಳಬೇಕು ಅಂತ."

"ಕಣ್ಣೆತ್ತಿ ಹೇಳ್ರೀ!" ಎಂದು ಕಿರುಚಿದೆ.

ಎತ್ತಲಿಲ್ಲ.

"ಸಾರ್, ಆ ಗೋಡೆ ಒಡೆಸಿ," ಎಂದೆ. "ಒಂದೇ ಒಂದು ಗೋಡೆ!"

ಇನ್‌ಸ್ಪೆಕ್ಟರ್ ಕತ್ತು ಉಜ್ಜಿಕೊಂಡರು. "ಆ ತುಂಬಿರೋ ಕಾಂಕ್ರೀಟೇ ಮೇಲಿನ ರಸ್ತೆ ಹೊತ್ಕೊಂಡಿದೆಯಮ್ಮ. ಒಡೆಸಬೇಕು ಅಂದ್ರೆ ಕೈಯಲ್ಲಿ ಸಾಕ್ಷಿ ಇರಬೇಕು. ಒಡೆದ್ರೆ ಸಾಕ್ಷಿ ಸಿಗುತ್ತೆ ಅಂತೀರಿ ನೀವು. ನಾನೇನು ಮಾಡ್ಲಿ, ಹೇಳಿ?"



ಟೈಲರಕ್ಕ ಅಷ್ಟು ಹೊತ್ತೂ ಶರ್ಟಿನ ಚೀಲವನ್ನು ಎದೆಗೆ ಅವಚಿಕೊಂಡು ನಿಂತಿದ್ದಳು. ಈಗ ಮ್ಯಾನೇಜರನ ಹತ್ತಿರ ಹೋದಳು. ಕಾವಲುಗಾರರು ಕೂಡ ದಾರಿ ಬಿಟ್ಟರು.

"ಸ್ವಾಮಿ, ಒಂದೇ ಮಾತು. ಅವನು ತಕ್ಷಣ ಹೋದ್ನಾ? ನರಳಿದ್ನಾ?"

ಮ್ಯಾನೇಜರ್ ತಲೆ ಬಾಗಿಸಿ, ಬಹಳ ಮೃದುವಾಗಿ ಕೇಳಿದ:

"ಯಾರಮ್ಮಾ?"

ಕನ್ನಡಕದವನು ಗೋಡೆಗೆ ತಿರುಗಿ ವಾಂತಿ ಮಾಡಿಕೊಂಡ. ಹುಷಾರಿಲ್ಲ, ಹುಷಾರಿಲ್ಲ ಎಂದು ಅವನನ್ನು ಒಳಗೆ ಕರೆದುಕೊಂಡು ಹೋದರು. ಪ್ಲಾಟ್‌ಫಾರ್ಮ್ ತೊಳೆಯುವ ಹೆಂಗಸರು ಬಂದರು. ಕ್ಷಣದಲ್ಲಿ ನೆಲ ಫಳಫಳ!

*

ಹೇಳುವುದು ಹೆಚ್ಚೇನೂ ಇಲ್ಲ.

ನನ್ನ ಮೇಲೆ ಕೇಸು ಬಿತ್ತು. ನಿಷೇಧಿತ ಜಾಗಕ್ಕೆ ನುಗ್ಗಿದ್ದು, ನೌಕರನನ್ನು ಬೆದರಿಸಿದ್ದು, ಸೆಕ್ಯುರಿಟಿ ಅಧಿಕಾರಿಯ ಮೇಲೆ ಹಲ್ಲೆ. ಲೈಸೆನ್ಸ್ ಕಿತ್ತುಕೊಂಡರು. ಈಗ ಕೀಲಿ ಅಂಗಡಿಯವನಿಗೆ ಗಿರಾಕಿ ಬಂದರೆ ಮಾತಾಡಿಸುತ್ತ ಕೂರುತ್ತೇನೆ. ನಾನು ಹೋಗಿ ತಟ್ಟದ ಬಾಗಿಲಿಲ್ಲ. ಪತ್ರಿಕೆಯವರು ನೋಡೋಣ ಎಂದರು. ವಕೀಲರು ದೇಹ ಎಲ್ಲಿ ಎಂದರು. ಆ ಗ್ಯಾಂಗನ್ನು ಹುಡುಕಿ ದೂರದೂರಿಗೂ ಹೋದೆ. ಅಷ್ಟು ಹೊತ್ತಿಗೆ ಅಲ್ಲಿಂದಲೂ ಎಬ್ಬಿಸಿದ್ದರು.

ಕನ್ನಡಕದವನಿಗೆ ಹೆಣ್ಣು ಮಗು. ಅವನೇ ಈಗ 'ಚೀಫ್ ಕಂಟ್ರೋಲರ್'. ಒಮ್ಮೆ ರಸ್ತೆಯಲ್ಲಿ ಎದುರಾದ. ಮಗುವನ್ನು ಹೆಗಲಿಗೆ ಹಾಕಿಕೊಂಡಿದ್ದ. ಬೈಯಬೇಕೆಂದು ಬಾಯಿ ತೆರೆದೆ. ಮಗು ನನ್ನ ಕಡೆ ಕೈ ಚಾಚಿತು. ಬಾಯಿ ಮುಚ್ಚಿದೆ.

ಪೊಲೀಸರ ಲೆಕ್ಕದಲ್ಲಿ ಏಣಿ ಇವತ್ತಿಗೂ ತಲೆತಪ್ಪಿಸಿಕೊಂಡ ಕಳ್ಳ.

ಟೈಲರಕ್ಕ ದಿನಾ ಅಂಗಡಿ ತೆರೆಯುವ ಮುಂಚೆ ಆ ಟ್ರೈನು ಹತ್ತುತ್ತಾಳೆ. ಯಾಕೆಂದು ಕೇಳಲು ನನಗೆ ಬಾಯಿ ಬರಲಿಲ್ಲ. ಒಂದು ದಿನ ಜೊತೆಗೆ ಹೋದೆ. ಅದರಲ್ಲಿ ತೀರ ಮುಂದೆ, ಗಾಜಿಗೆ ಆತುಕೊಂಡೇ ಸೀಟಿದೆ. ಮಕ್ಕಳು ಅದಕ್ಕೆ ಕಿತ್ತಾಡುತ್ತವೆ. ಟೈಲರಕ್ಕನನ್ನು ಕಂಡರೆ ಮಾತ್ರ ಯಾಕೋ ಎದ್ದು ಜಾಗ ಬಿಡುತ್ತವೆ.

ಬಾಗಿಲು ಮುಚ್ಚಿತು. ಸುರಂಗ ನಮ್ಮ ಮುಖಕ್ಕೇ ನುಗ್ಗಿ ಬಂತು. ಆಕೆ ಗೂಡಿದ್ದ ಕಡೆಯ ಗೋಡೆಯಿಂದ ಕಣ್ಣು ಕೀಳಲಿಲ್ಲ. ನಾನೂ ನೋಡಿದೆ. ದೀಪ, ಪೈಪು, ದೀಪ, ಪೈಪು... ಮುಂದಿನ ಸ್ಟೇಷನ್ನು ಬಂದೇಬಿಟ್ಟಿತು.

"ಕಾಣಿಸ್ತಾ ಮೇಡಂ?"

"ಇಲ್ಲ ಅಕ್ಕ."

"ನನಗೂ ಇಲ್ಲಿ ತನಕ ಕಂಡಿಲ್ಲ. ರೆಪ್ಪೆ ಬಡಿಯೋದ್ರೊಳಗೆ ದಾಟಿಬಿಡುತ್ತೆ. ಒಂದು ಸಲ ಕೆಟ್ಟು ನಿಂತ್ರೆ ಸಾಕು ಅಂತ ದಿನಾ ಬೇಡ್ಕೊಳ್ತೀನಿ. ನಿಲ್ಲೋದೇ ಇಲ್ಲ."

ಆಕೆ ಎದುರು ಪ್ಲಾಟ್‌ಫಾರ್ಮಿಗೆ ಹೋದಳು, ವಾಪಸ್ ಹೋಗುವ ಟ್ರೈನು ಹಿಡಿಯಲು. ನಾನು ಮೇಲೆ ಬಂದೆ. ಬಾಗಿಲ ಬಳಿ ದೊಡ್ಡ ಬೋರ್ಡು ಹಾಕಿದ್ದಾರೆ. ಈ ಲೈನು ಶುರುವಾದಂದಿನಿಂದ ಒಂದು ಟ್ರೈನೂ ತಡವಾಗಿಲ್ಲವಂತೆ.

ನಿಜವೇ ಇರಬೇಕು... ಈ ಲೈನಿನಲ್ಲಿ ತಡವಾಗಿ ಬಂದವಳು ನಾನೊಬ್ಬಳೇ!